ಐದು ಮೈಕಿನ ಕ್ಯಾಸೆಟ್

1991ರಲ್ಲಿ ನ್ಯೂಯಾರ್ಕಿನ ಮೇನ್ ಸೋರ್ಸ್ ತಂಡ ‘ಬ್ರೇಕಿಂಗ್ ಆಟಮ್ಸ್’ ಎಂಬ ಆಲ್ಬಂ ಹೊರತಂದಿತು. ಅದರಲ್ಲಿ ‘ಲೈವ್ ಅಟ್ ದಿ ಬಾರ್ಬೆಕ್ಯೂ’ ಎಂಬ ಹಾಡಿದೆ. ನಾಲ್ವರು ಸರದಿಯ ಮೇಲೆ ಬಂದು ರ‍್ಯಾಪ್ ಮಾಡಿ ಹೋಗುತ್ತಾರೆ. ಮೊದಲ ಚರಣ ಯಾರೂ ಹೆಸರು ಕೇಳಿರದ ಒಬ್ಬ ಹುಡುಗನದು. ಅವನಿಗಿನ್ನೂ ಹದಿನೇಳು ವರ್ಷ. ಧರ್ಮವನ್ನು ಕೆಣಕುವ, ಪೊಲೀಸರನ್ನು ಕೆಣಕುವ, ಎಲ್ಲೂ ಉಸಿರಿಗೆ ತಡವರಿಸದ ಆ ಚರಣ ಒಂದು ನಿಮಿಷವೂ ಇಲ್ಲ. ಆದರೂ ರ‍್ಯಾಪ್ ಬಲ್ಲವರ ನಡುವೆ ಅದರದೇ ಮಾತಾಯಿತು: ಯಾರು ಈ ‘ನ್ಯಾಸ್ಟಿ ನಾಸ್’?

ನಾಸಿರ್ ಜೋನ್ಸ್ ಕ್ವೀನ್ಸ್‌ಬ್ರಿಜ್‌ನ ಹುಡುಗ. ಕ್ವೀನ್ಸ್‌ಬ್ರಿಜ್ ಎಂದರೆ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಈಸ್ಟ್ ನದಿಯ ದಂಡೆಯಲ್ಲಿ ಸರ್ಕಾರ ಕಟ್ಟಿಸಿದ ಬಡವರ ವಸತಿ, ಮೂರು ಸಾವಿರಕ್ಕೂ ಹೆಚ್ಚು ಮನೆಗಳ, ಇಡೀ ಉತ್ತರ ಅಮೆರಿಕದಲ್ಲೇ ಅತಿ ದೊಡ್ಡ ಸರ್ಕಾರಿ ವಸತಿ ಸಮುಚ್ಚಯ. ತಂದೆ ಓಲು ದಾರಾ, ಮಿಸಿಸಿಪಿಯ ನ್ಯಾಚೆಜ್‌ನಿಂದ ಬಂದ ಜಾಝ್ ಕಲಾವಿದ, ಕಾರ್ನೆಟ್ ನುಡಿಸುವವರು. ತಾಯಿ ಫ್ಯಾನಿ ಆ್ಯನ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದರು. ಎಂಟನೇ ತರಗತಿಗೇ ಹುಡುಗ ಶಾಲೆ ಬಿಟ್ಟ. ಓದು ಬಿಡಲಿಲ್ಲ, ಮನೆಯಲ್ಲಿದ್ದ ಅಪ್ಪನ ಪುಸ್ತಕಗಳನ್ನು ಓದಿಕೊಂಡು ಬೆಳೆದ. ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಗೆಳೆಯ ಇಲ್ ವಿಲ್ ಇದ್ದ. ಅವನ ಬಳಿ ಟರ್ನ್‌ಟೇಬಲ್ ಇತ್ತು, ರೆಕಾರ್ಡುಗಳಿದ್ದವು. ಇವನು ಬರೆದದ್ದಕ್ಕೆ ಅವನು ಬೀಟ್ ಹಾಕುತ್ತಿದ್ದ.

ಈ ಹುಡುಗನನ್ನು ಮೊದಲು ಕಂಡುಕೊಂಡವರು ಲಾರ್ಜ್ ಪ್ರೊಫೆಸರ್. ಮೇನ್ ಸೋರ್ಸ್‌ನ ಈ ಬೀಟ್ ನಿರ್ಮಾಪಕರಿಗೂ ಆಗ ಹದಿನೆಂಟರ ಆಸುಪಾಸು. ಎರಿಕ್ ಬಿ ಮತ್ತು ರಕೀಮ್ ಎಂಬ ದೊಡ್ಡ ಜೋಡಿಗಾಗಿ ಅವರು ಕ್ವೀನ್ಸ್‌ನ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುತ್ತಿದ್ದರು. ಆ ಜೋಡಿ ಬಾರದ ಹೊತ್ತಿನಲ್ಲಿ, ಅವರ ಹೆಸರಿಗೆ ಬುಕ್ ಆಗಿದ್ದ ಸಮಯದಲ್ಲೇ ನಾಸ್‌ನನ್ನು ಕರೆಸಿ ಡೆಮೊ ಮಾಡಿಸಿದರು. ಕಾಸಿಲ್ಲದ ಹುಡುಗನಿಗೆ ಸ್ಟುಡಿಯೋ ಬಾಗಿಲು ತೆರೆದದ್ದು ಹೀಗೆ.

1992ರ ಮೇ ತಿಂಗಳಲ್ಲಿ ಇಲ್ ವಿಲ್‌ನನ್ನು ಕ್ವೀನ್ಸ್‌ಬ್ರಿಜ್‌ನಲ್ಲೇ ಗುಂಡಿಟ್ಟು ಕೊಂದರು. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು, ಅವನು ಬದುಕಿಕೊಂಡ. ಮುಂದಿನ ಎರಡು ವರ್ಷ ನಾಸ್ ಬರೆದದ್ದರಲ್ಲೆಲ್ಲ ಈ ಸಾವು ಇದೆ. ‘ಬಾರ್ಬೆಕ್ಯೂ’ದಲ್ಲಿ ಜಗತ್ತನ್ನೇ ಬೆದರಿಸಿ ನಗುತ್ತಿದ್ದ ಹುಡುಗ ಮತ್ತೆ ಕೇಳಸಿಗುವುದಿಲ್ಲ. ಅವನ ಜಾಗಕ್ಕೆ ಕಿಟಕಿಯಲ್ಲಿ ನಿಂತು ಬೀದಿ ನೋಡುವ, ಕಂಡದ್ದನ್ನು ಒಂದೂ ಬಿಡದೆ ಹೇಳುವ ಒಬ್ಬ ಬಂದಿದ್ದಾನೆ.

ಈ ಹೊತ್ತಿಗೆ ಎಂ.ಸಿ. ಸರ್ಚ್ ಅವನ ಬೆನ್ನಿಗೆ ನಿಂತಿದ್ದರು. ಥರ್ಡ್ ಬೇಸ್ ಎಂಬ ತಂಡದಿಂದ ಹೆಸರು ಮಾಡಿದ್ದ ಬಿಳಿಯ ರ‍್ಯಾಪರ್ ಅವರು. ತಂಡ ಒಡೆದ ಮೇಲೆ ತಮ್ಮ ಒಂಟಿ ಆಲ್ಬಂನಲ್ಲಿ ನಾಸ್‌ಗೆ ಒಂದು ಚರಣ ಕೊಟ್ಟರು. ‘ಜೀಬ್ರಾಹೆಡ್’ ಎಂಬ ಸಿನಿಮಾದ ಹಾಡುಗಳ ಉಸ್ತುವಾರಿ ಸಿಕ್ಕಾಗ ನಾಸ್‌ನ ‘ಹಾಫ್‌ಟೈಮ್’ ಅನ್ನು ಅದರೊಳಗೆ ಸೇರಿಸಿದರು. ಡೆಮೊ ಹಿಡಿದು ಕಂಪನಿಗಳ ಬಾಗಿಲು ತಟ್ಟಿದರು. ಡೆಫ್ ಜ್ಯಾಮ್‌ನ ರಸೆಲ್ ಸಿಮನ್ಸ್, ಇದು ರ‍್ಯಾಪರ್ ಕೂಲ್ ಜಿ ರ‍್ಯಾಪ್‌ನಂತೆ ಕೇಳುತ್ತದೆ, ಅದು ಮಾರಾಟವಾಗದು ಎಂದು ಕೈಬಿಟ್ಟರೆಂಬುದು ಸರ್ಚ್ ಹೇಳುವ ಮಾತು. ಆಮೇಲೆ ಟೇಪು ಕೊಲಂಬಿಯಾ ಕಂಪನಿಯ ಫೇತ್ ನ್ಯೂಮನ್ ಅವರ ಮೇಜಿಗೆ ಬಂತು. ‘ಬಾರ್ಬೆಕ್ಯೂ’ ಕೇಳಿದಂದಿನಿಂದ ಆ ದನಿಯ ಹುಡುಗ ಯಾರೆಂದು ಅವರೂ ಹುಡುಕುತ್ತಿದ್ದರು. ಒಪ್ಪಂದವಾಗಲು ತಡವಾಗಲಿಲ್ಲ.

ಆಗಿನ ಪದ್ಧತಿಯಂತೆ ಒಂದು ರ‍್ಯಾಪ್ ಆಲ್ಬಂಗೆ ಒಬ್ಬ ನಿರ್ಮಾಪಕ, ಅಥವಾ ಒಂದೇ ತಂಡ. ನಾಸ್‌ನ ವಿಷಯದಲ್ಲಿ ಅದು ಮುರಿಯಿತು. ಲಾರ್ಜ್ ಪ್ರೊಫೆಸರ್ ಇದ್ದೇ ಇದ್ದರು. ಅವರೇ ನಾಸ್‌ನನ್ನು ಪೀಟ್ ರಾಕ್ ಮನೆಗೆ ಕರೆದೊಯ್ದರು. ಡಿಜೆ ಪ್ರೀಮಿಯರ್ ಬಂದರು, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ಕ್ಯೂ-ಟಿಪ್ ಬಂದರು, ಕ್ವೀನ್ಸ್‌ಬ್ರಿಜ್‌ನವರೇ ಆದ ಎಲ್.ಇ.ಎಸ್. ಬಂದರು. ಇವರೆಲ್ಲ ಆಗಲೇ ಬೇಡಿಕೆಯಲ್ಲಿದ್ದವರು, ಅಥವಾ ಬೇಡಿಕೆಯ ಅಂಚಿನಲ್ಲಿದ್ದವರು. ಇಪ್ಪತ್ತು ತುಂಬದ, ಒಂದೂ ಆಲ್ಬಂ ಇಲ್ಲದ ಹುಡುಗನಿಗಾಗಿ ತಮ್ಮ ಒಳ್ಳೆಯ ಬೀಟುಗಳನ್ನು ತೆಗೆದಿಟ್ಟರು. ವಿಮರ್ಶಕರಿಗಿಂತ ಮೊದಲು ತೀರ್ಪು ಕೊಟ್ಟವರು ಇವರು ಎಂದೇ ನಾನು ತಿಳಿದಿದ್ದೇನೆ.

ಆ ಬೀಟುಗಳು ಬಂದದ್ದೂ ಹುಡುಕಾಟದಿಂದಲೇ. ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ಗೆ ಪ್ರೀಮಿಯರ್ ಜಾಝ್ ಡ್ರಮ್ಮರ್ ಜೋ ಚೇಂಬರ್ಸ್ ಅವರ ಒಂದು ರೆಕಾರ್ಡಿನಿಂದ ಪಿಯಾನೋದ ತುಣುಕು ಹೆಕ್ಕಿದರು. ‘ದಿ ವರ್ಲ್ಡ್ ಈಸ್ ಯುವರ್ಸ್’ಗೆ ಪೀಟ್ ರಾಕ್ ಅಹ್ಮದ್ ಜಮಾಲ್ ಅವರ ಪಿಯಾನೋ ತಂದರು. ‘ಇಟ್ ಏಂಟ್ ಹಾರ್ಡ್ ಟು ಟೆಲ್’ನಲ್ಲಿ ಲಾರ್ಜ್ ಪ್ರೊಫೆಸರ್ ಬಳಸಿದ್ದು ಮೈಕಲ್ ಜಾಕ್ಸನ್‌ರ ‘ಹ್ಯೂಮನ್ ನೇಚರ್’. ಅಪ್ಪ ಓಲು ದಾರಾ ಕೂಡ ಸ್ಟುಡಿಯೋಗೆ ಬಂದು ಒಂದು ಹಾಡಿನ ಕೊನೆಗೆ ಕಾರ್ನೆಟ್ ನುಡಿಸಿದರು. ಇಪ್ಪತ್ತು ವರ್ಷ ಮುಟ್ಟಿದ್ದೇ ದೊಡ್ಡದು ಎನ್ನುವ ಭಾವದ ಹಾಡು ಅದು. ಅದರಲ್ಲಿ ಬ್ರೂಕ್ಲಿನ್‌ನ ಏಝೀ ಎಂಬ ಹುಡುಗ ಮೊದಲ ಚರಣ ಹೇಳುತ್ತಾನೆ; ಇಡೀ ಆಲ್ಬಂಗೆ ಅತಿಥಿಯಾಗಿ ಬಂದ ರ‍್ಯಾಪರ್ ಅವನೊಬ್ಬನೇ.

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ನ ಮೊದಲ ಚರಣವನ್ನು ನಾಸ್ ನಿಲ್ಲದೆ ಒಂದೇ ಬಾರಿಗೆ ಹೇಳಿ ಮುಗಿಸಿದನೆಂದು ಪ್ರೀಮಿಯರ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕೇಳುವಾಗ ನಂಬಲಿಕ್ಕೆ ಕಷ್ಟ. ಅಲ್ಲಿ ಪ್ರಾಸ ಸಾಲಿನ ತುದಿಗೆ ಬಂದು ಕಾಯುವುದಿಲ್ಲ. ನಡುವೆ ಎದ್ದು, ಮುಂದಿನ ಸಾಲಿನ ಮೊದಲಿಗೆ ಜಿಗಿದು, ಮೂರು ಸಾಲು ದಾಟಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಮ್ಮ ಹಳಗನ್ನಡದ ಕವಿಗಳು ಪ್ರಾಸವನ್ನು ಪಾದದ ಎರಡನೇ ಅಕ್ಷರದಲ್ಲಿಟ್ಟವರು. ದ್ವಿತೀಯಾಕ್ಷರ ಪ್ರಾಸ ಕೇಳಿ ಬೆಳೆದ ಕಿವಿಗೆ, ಪ್ರಾಸ ತುದಿಯಲ್ಲೇ ಇರಬೇಕಿಲ್ಲವೆಂಬುದು ಹೊಸದಲ್ಲ. ಆದರೆ ಡ್ರಮ್ಮಿನ ಪೆಟ್ಟಿಗೆ ಒಂದು ಕೂದಲೆಳೆ ಹಿಂದೆ ನಿಂತು, ಓಡುವವನ ಏದುಸಿರು, ಕೈಯ ಪಿಸ್ತೂಲು, ಕಟ್ಟಡದ ಬಾಗಿಲಲ್ಲಿ ಆಡುವ ಮಕ್ಕಳು, ಎಲ್ಲವನ್ನೂ ಅದೇ ಲಯದಲ್ಲಿ ಕಾಣಿಸುವುದು ಬೇರೆಯೇ ವಿದ್ಯೆ.

ನನಗೆ ಇದಕ್ಕಿಂತ ದೊಡ್ಡದೆನಿಸುವ ಹಾಡು ‘ಒನ್ ಲವ್’. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳ ರೂಪದಲ್ಲಿ ಅದಿದೆ. ನಿನಗೆ ಮಗ ಹುಟ್ಟಿದ್ದಾನೆ, ನಿನ್ನ ಅಮ್ಮನನ್ನು ನೋಡಿ ಬಂದೆ, ಅವಳು ಕೊರಗುತ್ತಾಳೆ, ಬೀದಿಯಲ್ಲಿ ಇಂಥವನು ನಿನ್ನ ವಿಷಯ ಹೀಗಂದ: ಊರಿನಿಂದ ಕಾಗದ ಬರೆಯುವವರು ಬರೆಯುವಂಥ ಸುದ್ದಿಗಳೇ. ಕೊನೆಯ ಚರಣದಲ್ಲಿ ಕಾಗದ ನಿಂತುಹೋಗಿ, ಕವಿ ಬೆಂಚಿನ ಮೇಲೆ ಒಬ್ಬ ಎಳೆಯ ಹುಡುಗನ ಪಕ್ಕ ಕೂರುತ್ತಾನೆ. ಹನ್ನೆರಡರ ಆ ಪೋರ ಆಗಲೇ ಮಾದಕ ವಸ್ತು ಮಾರುವ ದೊಡ್ಡವರ ಮಾತು ಕಲಿತಿದ್ದಾನೆ. ಬುದ್ಧಿ ಹೇಳಲು ಹೊರಟ ನಾಸ್‌ಗೂ ವಯಸ್ಸು ಹೆಚ್ಚೇನಿಲ್ಲ. ಯಾರನ್ನೂ ದೂರದೆ, ಯಾರನ್ನೂ ವೀರನಾಗಿಸದೆ ಒಂದು ಬೀದಿಯ ಮೂರು ತಲೆಮಾರನ್ನು ಐದೂವರೆ ನಿಮಿಷಕ್ಕಿಂತ ಕಡಿಮೆಯಲ್ಲಿ ಹಿಡಿದಿಡುವ ಈ ಹಾಡಿಗೆ ಕತೆಗಾರನ ಸಂಯಮವಿದೆ.

ಆಲ್ಬಂಗೆ ‘ಇಲ್‌ಮ್ಯಾಟಿಕ್’ ಎಂದು ಹೆಸರಾಯಿತು. ಅದು ಅಂಗಡಿಗೆ ಬರುವ ಮೊದಲೇ ಅದರ ಕಳ್ಳ ಕ್ಯಾಸೆಟ್ಟುಗಳು ನ್ಯೂಯಾರ್ಕಿನ ಬೀದಿಗಳಲ್ಲಿ ಮಾರಾಟವಾಗುತ್ತಿದ್ದವು. ಬೇಗ ಬಿಡುಗಡೆ ಮಾಡದಿದ್ದರೆ ಕೈ ಮೀರುತ್ತದೆ ಎಂಬ ಅವಸರ ಕಂಪನಿಗೆ. ಆಲ್ಬಂ ಇಷ್ಟು ಚಿಕ್ಕದಾಗಿ ನಿಲ್ಲಲು ಅದೂ ಒಂದು ಕಾರಣವೆಂದು ಫೇತ್ ನ್ಯೂಮನ್ ಹೇಳಿದ್ದಾರೆ. ಮುನ್ನುಡಿಯಂಥ ಒಂದು ತುಣುಕೂ ಸೇರಿ ಹತ್ತೇ ಹಾಡು, ನಲವತ್ತು ನಿಮಿಷ ತುಂಬುವುದಿಲ್ಲ. ಹೊದಿಕೆಯ ಮೇಲೆ ಏಳು ವರ್ಷದ ನಾಸ್‌ನ ಮುಖ, ಅದರೊಳಗೆ ಬೆಸೆದ ಕ್ವೀನ್ಸ್‌ಬ್ರಿಜ್‌ನ ಕಟ್ಟಡಗಳು.

ಹೀಗೆ ಮೊದಲೇ ಹೊರಬಿದ್ದ ಟೇಪೊಂದು ‘ದಿ ಸೋರ್ಸ್’ ಪತ್ರಿಕೆಯ ಜಾನ್ ಶೆಕ್ಟರ್ ಅವರಿಗೂ ಸಿಕ್ಕಿತು. 1988ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಸುದ್ದಿಪತ್ರವಾಗಿ ಶುರು ಮಾಡಿದ್ದ ‘ಸೋರ್ಸ್’ ಆ ಹೊತ್ತಿಗೆ ರ‍್ಯಾಪ್ ಲೋಕದ ಅಧಿಕೃತ ದನಿಯಾಗಿತ್ತು. ಅದು ಆಲ್ಬಂಗಳಿಗೆ ಅಂಕವಾಗಿ ಮೈಕುಗಳನ್ನು ಕೊಡುತ್ತಿತ್ತು. ಐದು ಮೈಕ್ ಎಂದರೆ ಎಲ್ಲ ಕಾಲಕ್ಕೂ ಉಳಿಯುವ ಕೃತಿ. ತಾನಿರುವವರೆಗೆ ಐದು ಮೈಕ್ ಯಾರಿಗೂ ಇಲ್ಲ ಎಂದು ಸಂಗೀತ ಸಂಪಾದಕ ರೆಜಿನಾಲ್ಡ್ ಡೆನಿಸ್ ಪಟ್ಟು ಹಿಡಿದಿದ್ದರು. ಶೆಕ್ಟರ್ ತಿಂಗಳುಗಟ್ಟಲೆ ಆ ಟೇಪು ಕೇಳಿ, ಕಚೇರಿಯಲ್ಲಿ ವಾದ ಹೂಡಿದರು. ವಿಮರ್ಶೆ ಬರೆಯುವ ಕೆಲಸ ಬಂದದ್ದು ಅಲ್ಲಿ ತರಬೇತಿಗಿದ್ದ ಕೊರಿಯನ್ ಮೂಲದ ತರುಣಿ ಮಿನ್ಯಾ ಓ ಅವರಿಗೆ. ‘ಶಾರ್ಟಿ’ ಎಂಬ ಗುಪ್ತನಾಮದಲ್ಲಿ ಅವರು ಬರೆದರು. ಐದು ಮೈಕ್ ಕೊಟ್ಟರು. ಡೆನಿಸ್ ಒಪ್ಪಿದರು, ಅವರ ಕಾಲದಲ್ಲಿ ಆ ನಿಯಮ ಸಡಿಲವಾದದ್ದು ಇದೊಂದಕ್ಕೇ.

ಈ ತೀರ್ಪು ಎಷ್ಟು ದಿಟ್ಟವಾದುದೆಂದು ತಿಳಿಯಲು ಆ ದಿನಗಳ ಮಾರುಕಟ್ಟೆ ನೋಡಬೇಕು. ಆಗ ರ‍್ಯಾಪ್ ಎಂದರೆ ಲಾಸ್ ಏಂಜಲಿಸ್. ಡಾ. ಡ್ರೇ ಅವರ ‘ದಿ ಕ್ರಾನಿಕ್’ 1992ರ ಕೊನೆಗೆ ಬಂದು ಎಲ್ಲವನ್ನೂ ಗುಡಿಸಿಹಾಕಿತ್ತು. ಆ ಆಲ್ಬಂಗೇ ‘ಸೋರ್ಸ್’ ಕೊಟ್ಟದ್ದು ನಾಲ್ಕೂವರೆ ಮೈಕ್. ಸ್ನೂಪ್ ಡಾಗ್‌ನ ಮೊದಲ ಆಲ್ಬಂ 1993ರಲ್ಲಿ ಮೊದಲ ವಾರವೇ ಎಂಟು ಲಕ್ಷ ದಾಟಿತ್ತು. 1994ರ ಏಪ್ರಿಲ್ 19ರಂದು ಬಂದ ‘ಇಲ್‌ಮ್ಯಾಟಿಕ್’ ಮೊದಲ ವಾರ ಮಾರಾಟವಾದದ್ದು ಸುಮಾರು 60 ಸಾವಿರ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹನ್ನೆರಡನೇ ಸ್ಥಾನ. ಪತ್ರಿಕೆ ನ್ಯೂಯಾರ್ಕಿನ ಹುಡುಗನ ಪಕ್ಷ ವಹಿಸಿತೆಂಬ ಸಿಟ್ಟೂ ಪಶ್ಚಿಮ ಕರಾವಳಿಯಿಂದ ಬಂತು. ‘ರೋಲಿಂಗ್ ಸ್ಟೋನ್’ ನಾಲ್ಕು ನಕ್ಷತ್ರ ಕೊಟ್ಟಿತು. ಹೊಗಳಿಕೆಗೆ ಬರವಿರಲಿಲ್ಲ, ಕೊಳ್ಳುವವರು ಮಾತ್ರ ನಿಧಾನವಾಗಿ ಬಂದರು. ಐದು ಲಕ್ಷ ಪ್ರತಿಯ ಚಿನ್ನದ ಮನ್ನಣೆ ಸಿಕ್ಕಿದ್ದು 1996ರ ಜನವರಿಯಲ್ಲಿ, ಹತ್ತು ಲಕ್ಷದ ಪ್ಲಾಟಿನಂ 2001ರಲ್ಲಿ.

ಮಿನ್ಯಾ ಓ ಅವರ ಧೈರ್ಯ ನನಗೆ ಇಂದಿಗೂ ಬೆರಗು. ಮಾರಾಟದ ಸಂಖ್ಯೆ ನೋಡಿ ಮೆಚ್ಚುವುದು ಸುಲಭ, ಇಪ್ಪತ್ತು ವರ್ಷದ ನಂತರ ಮೆಚ್ಚುವುದು ಇನ್ನೂ ಸುಲಭ. ಅವರೆದುರು ಇದ್ದದ್ದು ಟೇಪು ಮಾತ್ರ. ಅದರೊಳಗಿನ ದನಿಗೆ ಹಿಂದಿನ ಹೆಸರಿಲ್ಲ, ಕೇಳುವ ತರುಣಿಗೆ ಹುದ್ದೆಯ ಬಲವಿಲ್ಲ. ಅಂಥ ಕಡೆಯಿಂದ ಬಂದ ತೀರ್ಪು ಈ ಮೂವತ್ತು ವರ್ಷದಲ್ಲಿ ಸಡಿಲವಾಗಿಲ್ಲ. ಆಮೇಲೆ ರ‍್ಯಾಪರ್ ಬಿಗ್ಗಿಯಿಂದ ಜೇ-ಝೀವರೆಗೆ ನ್ಯೂಯಾರ್ಕಿನ ಬಹಳಷ್ಟು ದೊಡ್ಡ ಆಲ್ಬಂಗಳು ಹಲವು ನಿರ್ಮಾಪಕರ ದಾರಿ ಹಿಡಿದವು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಈ ಒಂದೇ ಆಲ್ಬಂ ಮೇಲೆ ಪ್ರಬಂಧ ಸಂಕಲನ ತಂದರು, ಹಾರ್ವರ್ಡ್ 2013ರಲ್ಲಿ ನಾಸ್ ಹೆಸರಿನಲ್ಲಿ ಫೆಲೋಶಿಪ್ ಸ್ಥಾಪಿಸಿತು.

ಈ ಕೀರ್ತಿಯ ಭಾರ ಹೊತ್ತವನು ನಾಸ್. 1996ರ ಎರಡನೇ ಆಲ್ಬಂ ‘ಇಟ್ ವಾಸ್ ರಿಟನ್’ ಪಟ್ಟಿಯಲ್ಲಿ ಮೊದಲನೆಯದಾಯಿತು, ಮೊದಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಾರಾಟವಾಯಿತು. ಆದರೂ ವಿಮರ್ಶಕರು ಅದರಲ್ಲಿ ಹುಡುಕಿದ್ದು ‘ಇಲ್‌ಮ್ಯಾಟಿಕ್’ ಅನ್ನೇ. ಅದು ಅನ್ಯಾಯವೆಂದು ನನಗನಿಸುತ್ತದೆ. ಹತ್ತೊಂಬತ್ತರ ದುಃಖವನ್ನು ಯಾರೂ ಎರಡನೇ ಸಲ ಬರೆಯಲಾರರು. ನಮ್ಮಲ್ಲಿ ಬಹಳ ಜನ ಅವನ ಹೆಸರು ಕಂಡದ್ದು 2019ರ ‘ಗಲ್ಲಿ ಬಾಯ್’ ಸಿನಿಮಾದ ಕಾರ್ಯನಿರ್ವಾಹಕ ನಿರ್ಮಾಪಕನಾಗಿ. ಅಲ್ಲಿಂದ ಹಿಂದಕ್ಕೆ ನಡೆದು ಈ ಆಲ್ಬಂ ಕಂಡುಕೊಂಡ ಕೇಳುಗರು ಬೆಂಗಳೂರಿನಲ್ಲೂ ಇದ್ದಾರೆ.

ನಾಸ್‌ಗೆ ಮೊದಲ ಗ್ರ್ಯಾಮಿ ಬಂದದ್ದು 2021ರ ಮಾರ್ಚಿನಲ್ಲಿ, ‘ಕಿಂಗ್ಸ್ ಡಿಸೀಸ್’ ಎಂಬ ಆಲ್ಬಂಗೆ. ಅದೇ ತಿಂಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ದೇಶ ಕಾಪಾಡಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ‘ಇಲ್‌ಮ್ಯಾಟಿಕ್’ ಅನ್ನು ಸೇರಿಸಿಕೊಂಡಿತು.