ಕಂಡವರು ಯಾರು, ಕೇಳಿದವರು ಯಾರು?

ವಿಜಯನಗರದ ಬೀದಿಗಳಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ಕೇಳದ ಕನ್ನಡಿಗ ಅಪರೂಪ. ಶಾಲೆಯ ಮೇಷ್ಟ್ರು ಹೇಳುತ್ತಾರೆ, ಹಂಪಿಯ ಗೈಡ್ ಹೇಳುತ್ತಾರೆ, ರಾಜ್ಯೋತ್ಸವದ ಭಾಷಣಕಾರರಂತೂ ಹೇಳಿಯೇ ಹೇಳುತ್ತಾರೆ. ಇದನ್ನು ಕಂಡವರು ಯಾರು ಎಂದರೆ ‘ವಿದೇಶಿ ಪ್ರವಾಸಿಗರು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಯಾವ ಪ್ರವಾಸಿಗರು? 1443ರಲ್ಲಿ ತೈಮೂರನ ಮಗ ಶಾರುಖ್‌ನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್, ರತ್ನಪಡಿ ವ್ಯಾಪಾರಿಗಳು ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಕೂಡ ಒಂದು ಬೀದಿಯಲ್ಲಿ ಬಗೆಬಗೆಯ ರತ್ನಗಳೂ ಬಟ್ಟೆಗಳೂ ಸಿಗುತ್ತಿದ್ದವು ಎನ್ನುತ್ತಾನೆ. ಇಬ್ಬರ ಪೇಟೆ ವರ್ಣನೆಯಲ್ಲೂ ರತ್ನಗಳಿವೆ, ಸೇರು ಇಲ್ಲ. ಅದು ಆಮೇಲೆ ಬಂದದ್ದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಾಗ ಮಾತಿಗೆ ಬಣ್ಣ ಏರುತ್ತದಲ್ಲ, ಹಾಗೆ.

ಪ್ರಾಥಮಿಕ ಆಕರ, ದ್ವಿತೀಯಕ ಆಕರ ಎಂಬ ವಿಂಗಡಣೆಯನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲಲ್ಲೇ ಕಲಿಸುತ್ತಾರೆ. ಆ ಕಾಲದ ಶಾಸನ, ನಾಣ್ಯ, ಪತ್ರ, ಕಂಡವರ ಬರಹ ಪ್ರಾಥಮಿಕ. ಅವುಗಳನ್ನು ಓದಿ ಮುಂದಿನವರು ಬರೆದದ್ದು ದ್ವಿತೀಯಕ. ಪರೀಕ್ಷೆಗೆ ಇಷ್ಟು ಸಾಕು. ತೊಡಕು ಶುರುವಾಗುವುದು ಪ್ರತಿ ಪುಸ್ತಕದ ಬೆನ್ನಿಗೂ ಇವೆರಡರಲ್ಲಿ ಒಂದು ಚೀಟಿ ಅಂಟಿಸಲು ಹೊರಟಾಗ. ಏಕೆಂದರೆ ಒಂದೇ ಬರಹ ಒಂದು ಪ್ರಶ್ನೆಗೆ ಕಣ್ಣಾರೆ ಕಂಡ ಸಾಕ್ಷಿ, ಇನ್ನೊಂದು ಪ್ರಶ್ನೆಗೆ ಬರೀ ಅಂತೆಕಂತೆ.

ಫರ್ನಾವೊ ನೂನಿಜ್‌ನನ್ನೇ ನೋಡಿ. ಕುದುರೆ ವ್ಯಾಪಾರಿ, 1535ರಿಂದ 1537ರ ಸುಮಾರಿಗೆ, ಅಚ್ಯುತರಾಯನ ಆಳ್ವಿಕೆಯಲ್ಲಿ ವಿಜಯನಗರದಲ್ಲಿದ್ದವನು. ಅಚ್ಯುತರಾಯನ ಆಸ್ಥಾನ ಹೇಗಿತ್ತು, ಕುದುರೆ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ ಅವನ ಮಾತಿಗೆ ತೂಕವಿದೆ. ಆದರೆ ಅವನು ಅಷ್ಟಕ್ಕೇ ನಿಲ್ಲುವುದಿಲ್ಲ. ಇನ್ನೂರು ವರ್ಷ ಹಿಂದಿನ ಸಾಮ್ರಾಜ್ಯ ಸ್ಥಾಪನೆಯಿಂದಲೇ ಕಥೆ ಶುರುಮಾಡುತ್ತಾನೆ. ಆ ಭಾಗದಲ್ಲಿ ಅವನೂ ನಮ್ಮಂತೆ ಕೇಳುಗ.

ಆಡಿನ ಕಣ್ಣಿನ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಸಾಯುವ ಹೊತ್ತಿಗೆ ವೀರನರಸಿಂಹ ತನ್ನ ಎಂಟು ವರ್ಷದ ಮಗನಿಗೆ ಪಟ್ಟವಾಗಲಿ ಎಂದು ಬಯಸಿ, ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಲು ಅಪ್ಪಣೆ ಕೊಟ್ಟನಂತೆ. ಮಂತ್ರಿ ಸಾಳ್ವ ತಿಮ್ಮರಸು ಆಡಿನ ಕಣ್ಣುಗಳನ್ನು ತಂದು ತೋರಿಸಿ ಅವನನ್ನು ಉಳಿಸಿದನಂತೆ. ಇದನ್ನು ನಮಗೆ ಹೇಳುವವನು ನೂನಿಜ್, ಅದೂ ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509ರಿಂದ ಕಾಲು ಶತಮಾನದ ಮೇಲೆ. ಆ ಕೋಣೆಯಲ್ಲಿ ಅವನಿರಲಿಲ್ಲ, ಆ ದೇಶದಲ್ಲೇ ಇರಲಿಲ್ಲ. ಹಾಗೆಂದು ಕಥೆಯನ್ನು ಎಸೆಯಬೇಕಿಲ್ಲ. 1530ರ ದಶಕದಲ್ಲಿ ರಾಜಧಾನಿಯ ಜನ ತಮ್ಮ ಹಿಂದಿನ ದೊರೆಯ ಬಗ್ಗೆ ಏನೇನು ಮಾತಾಡಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗೆ ಅದು ಮೊದಲ ದರ್ಜೆಯ ಆಕರ. 1509ರಲ್ಲಿ ಏನಾಯಿತು ಎಂಬುದಕ್ಕೆ ಅಲ್ಲ.

ಇದೇ ನೂನಿಜ್ ರಾಯಚೂರು ಯುದ್ಧವನ್ನು ವಿಸ್ತಾರವಾಗಿ ಬರೆದಿದ್ದಾನೆ. 1522ರ ಮೇ ತಿಂಗಳು, ಅಮಾವಾಸ್ಯೆ, ಶನಿವಾರ ಎಂದು ದಿನವನ್ನೂ ಕೊಟ್ಟಿದ್ದಾನೆ. ಇತಿಹಾಸಕಾರ ರಾಬರ್ಟ್ ಸಿವೆಲ್ ಪಂಚಾಂಗ ಹಾಕಿ ನೋಡಿದಾಗ ಆ ವರ್ಷಕ್ಕೆ ಲೆಕ್ಕ ಕೂಡಲಿಲ್ಲ. ಲೆಕ್ಕ ಹೊಂದಿದ್ದು 1520ರ ಮೇ 19ಕ್ಕೆ. ಈಗ ಇತಿಹಾಸಕಾರರು ಸಾಮಾನ್ಯವಾಗಿ ಬಳಸುವುದು ಆ ದಿನವನ್ನೇ. ಹೀಗೆ, ಯುದ್ಧಕ್ಕೆ ಹತ್ತಿರದ ಕಾಲದವನು ಹೇಳಿದ ವರ್ಷವನ್ನು ನಾಲ್ಕು ಶತಮಾನದ ಈಚಿನವನು ತಿದ್ದಿದ. ಪ್ರಾಥಮಿಕ ಎಂದಮಾತ್ರಕ್ಕೆ ಸರಿ, ದ್ವಿತೀಯಕ ಎಂದಮಾತ್ರಕ್ಕೆ ಸಡಿಲು ಎಂದುಕೊಂಡವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ರಾಯಚೂರು ಕೋಟೆ ಬೀಳಲು ಪೋರ್ಚುಗೀಸ್ ಬಂದೂಕುಗಾರರೇ ದಾರಿ ಮಾಡಿಕೊಟ್ಟರು ಎಂದೂ ನೂನಿಜ್ ಬರೆಯುತ್ತಾನೆ. ಬರೆದವನು ಪೋರ್ಚುಗೀಸ್, ಓದುವವರೂ ಪೋರ್ಚುಗೀಸರು ಎಂಬುದನ್ನು ಮರೆಯದೆ ಓದಿದರಾಯಿತು.

ಕಂಡವನ ಮಾತೇ ಬೇಕೆಂದರೆ ಪಾಯಸ್ ಇದ್ದಾನೆ. ಮಹಾನವಮಿ ಉತ್ಸವವನ್ನು ಅವನು ನಿಂತು ನೋಡಿ ಬರೆದದ್ದು ಓದುವಾಗಲೇ ತಿಳಿಯುತ್ತದೆ. ಕೃಷ್ಣದೇವರಾಯನನ್ನೂ ಹತ್ತಿರದಿಂದ ಕಂಡಿದ್ದ: ಸಾಧಾರಣ ಎತ್ತರ, ಸ್ವಲ್ಪ ತುಂಬಿದ ಮೈ, ಮುಖದಲ್ಲಿ ಸಿಡುಬಿನ ಕಲೆ. ನಮ್ಮ ಸಿನಿಮಾದ ರಾಯನಿಗೂ ಇವನಿಗೂ ಎಲ್ಲಿಯ ಹೋಲಿಕೆ! ಅತ್ತ ತಿರುಮಲದ ದೇವಸ್ಥಾನದಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯಿದೆ. ಅಲ್ಲಿ ಅವನದು ತೆಳುವಾದ ಮೈಕಟ್ಟು. ಎರಡೂ ಪ್ರಾಥಮಿಕ ಆಕರಗಳೇ, ಎರಡೂ ಒಂದನ್ನೊಂದು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಪಾಯಸ್‌ನ ಮಾತೇ ಹೆಚ್ಚು ನಂಬಲರ್ಹ. ಶಿಲ್ಪಿ ಮಾಡುತ್ತಿದ್ದದ್ದು ದೇವರ ಮುಂದೆ ನಿಂತ ಭಕ್ತನ ಮೂರ್ತಿ. ಸಿಡುಬಿನ ಕಲೆ ಅವನಿಗೆ ಬೇಕಿರಲಿಲ್ಲ.

ಶಾಸನವಾದರೆ ಅನುಮಾನವೇ ಬೇಡ ಎನ್ನುವವರೂ ಇದ್ದಾರೆ. ಹಂಪಿಯ ವಿರೂಪಾಕ್ಷ ದೇಗುಲದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ ಶಾಸನವಿದೆ. ರಂಗಮಂಟಪ ಕಟ್ಟಿಸಿದ ವಿಷಯಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಶಾಸನಗಳ ಆರಂಭದಲ್ಲಿ ಬರುವ ಹೊಗಳಿಕೆಯನ್ನು ಹಾಗೆ ಓದಲಾಗದು. ಬಿರುದುಗಳೂ ಪ್ರಶಸ್ತಿ ಶ್ಲೋಕಗಳೂ ಒಬ್ಬ ಅರಸನಿಂದ ಮುಂದಿನವನಿಗೆ ಪಿತ್ರಾರ್ಜಿತ ಆಸ್ತಿಯಂತೆ ಸಾಗುತ್ತಿದ್ದವು. ತಾಮ್ರಪಟಗಳದು ಇನ್ನೊಂದು ಕಥೆ: ದತ್ತಿ ಭೂಮಿಯ ಹಕ್ಕಿಗಾಗಿ ಹಳೆಯ ಅರಸರ ಹೆಸರಿನಲ್ಲಿ ಮುಂದೆಂದೋ ಬರೆಸಿದ ಕೂಟಶಾಸನಗಳು ಬೇಕಾದಷ್ಟಿವೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅಂಥವುಗಳ ದೊಡ್ಡ ಪಟ್ಟಿಯನ್ನೇ ಮಾಡಿದ್ದರು. ಗಂಗರ ಹೆಸರಿನ ಹಲವು ತಾಮ್ರಪಟಗಳು ಅದರಲ್ಲಿ ಸೇರಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರಿಗೆ ಇಂಥ ದಾಖಲೆಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಆಕರಗಳ ಗೊಂದಲ ಹೆಚ್ಚು ಕಾಡುವುದು ವಿಜಯನಗರ ಸೋತ 1565ರ ಜನವರಿ 23ರ ಯುದ್ಧದಲ್ಲಿ. ತಾಳಿಕೋಟೆ ಎಂದೂ ರಕ್ಕಸಗಿ-ತಂಗಡಗಿ ಎಂದೂ ಕರೆಯುವ ಈ ಕದನಕ್ಕೆ ಎಲ್ಲರೂ ಮೊದಲು ಉದಾಹರಿಸುವುದು ಫೆರಿಷ್ತಾನನ್ನು. ಅವನು ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದದ್ದು ಸುಮಾರು ನಾಲ್ಕು ದಶಕದ ಮೇಲೆ, ಗೆದ್ದವರ ಮನೆತನದ ಆಶ್ರಯದಲ್ಲಿ. ಕಾಲಕ್ಕೆ ಅದಕ್ಕಿಂತ ಹತ್ತಿರದ್ದು ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾನನ್ನು ಹೊಗಳುವ ಅಫ್ತಾಬಿಯ ಪರ್ಷಿಯನ್ ಕಾವ್ಯ. ವಿಜಯನಗರದ ರಾಮರಾಯನ ಶಿರಚ್ಛೇದದ ಚಿತ್ರವೂ ಇರುವ ಅದರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಅಲ್ಲಿ ಗೆಲುವಿನ ಕೀರ್ತಿಯೆಲ್ಲ ನಿಜಾಮ್ ಶಾನದೇ.

ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ 1567ರಲ್ಲಿ ಬಂದು ಏಳು ತಿಂಗಳು ನಗರದಲ್ಲಿದ್ದ. ರಾಮರಾಯನ ಇಬ್ಬರು ಮುಸ್ಲಿಂ ಸೇನಾನಿಗಳು ರಣರಂಗದಲ್ಲಿ ಕೈಕೊಟ್ಟರು ಎಂಬ ಪ್ರಸಿದ್ಧ ಕಥೆಯನ್ನು ಹೇಳಿದವನು ಇವನೇ. ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಇದು ಕೇಳಿದ ಮಾತು. ಆದರೆ ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಖಾಲಿ ಬಿದ್ದಿವೆ ಎಂದಾಗ ಅವನು ಕಂಡ ಸಾಕ್ಷಿ. ಮುಂದುವರಿದು, ಆ ಮನೆಗಳಲ್ಲಿ ಹುಲಿಗಳಿವೆ ಎನ್ನುವಾಗ ‘ಹಾಗೆಂದು ಹೇಳುತ್ತಾರೆ’ ಎಂದು ಸೇರಿಸುತ್ತಾನೆ. ಕಂಡದ್ದು ಎಲ್ಲಿ ಮುಗಿಯಿತು, ಕೇಳಿದ್ದು ಎಲ್ಲಿ ಶುರುವಾಯಿತು ಎಂದು ಅವನೇ ಗೆರೆ ಎಳೆದುಕೊಟ್ಟ.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಫ್ರೆಡರಿಕ್‌ನ ಖಾಲಿ ಮನೆಗಳಲ್ಲ, ಸಿವೆಲ್‌ನ ಬೆಂಕಿ. ಮದ್ರಾಸ್ ಪ್ರಾಂತ್ಯದ ಸಿವಿಲ್ ಅಧಿಕಾರಿಯಾಗಿದ್ದ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ, ತಿಂಗಳುಗಟ್ಟಲೆ ನಡೆದ ಸುಡುವಿಕೆ, ಒಡೆಯುವಿಕೆಯ ಒಂದು ಪ್ಯಾರಾ ಇದೆ. ಓದಿದವರು ಮರೆಯಲಾರರು. ಅದನ್ನು ಕಣ್ಣಾರೆ ಕಂಡವರ ಹೇಳಿಕೆ ಎಂಬಂತೆ ಉದ್ಧರಿಸಿದ ಲೇಖನಗಳಿಗೆ ಲೆಕ್ಕವಿಲ್ಲ. ಬರೆದವನಿಗೂ ಘಟನೆಗೂ ನಡುವೆ 335 ವರ್ಷಗಳಿವೆ. ನಗರ ಹಾಳಾದದ್ದು ಸುಳ್ಳಲ್ಲ. ಅರಮನೆಗಳಿದ್ದ ಜಾಗದಲ್ಲಿ ಕಲ್ಲಿನ ಅಡಿಪಾಯಗಳಷ್ಟೇ ಉಳಿದಿವೆ. ಆದರೆ ವಿರೂಪಾಕ್ಷನ ಗುಡಿ ನಿಂತಿದೆ, ಪೂಜೆಯೂ ನಡೆಯುತ್ತಿದೆ. ಯಾವುದು ಬಿತ್ತು, ಯಾವುದು ಉಳಿಯಿತು, ಯಾವಾಗ, ಯಾಕೆ ಎಂಬ ಪ್ರಶ್ನೆಗಳನ್ನು ಆ ಒಂದು ಪ್ಯಾರಾ ಬಹುಕಾಲ ಮುಚ್ಚಿಬಿಟ್ಟಿತು.

ಇದರಲ್ಲಿ ಸಿವೆಲ್‌ನ ತಪ್ಪಿಗಿಂತ ನಮ್ಮ ಓದಿನ ತಪ್ಪು ದೊಡ್ಡದು. ಪ್ಯಾರಿಸ್‌ನ ಗ್ರಂಥಾಲಯದಲ್ಲಿದ್ದ ಪಾಯಸ್, ನೂನಿಜ್‌ರ ಬರಹಗಳನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚುಹಾಕಿದ ಮೂರೇ ವರ್ಷದಲ್ಲಿ ಸಿವೆಲ್ ಅವುಗಳ ಇಂಗ್ಲಿಷ್ ಅನುವಾದವನ್ನು ತನ್ನ ಪುಸ್ತಕದ ಕೊನೆಗೆ ಸೇರಿಸಿದ. ತನ್ನ ಮಾತನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿಯನ್ನು ತಾನೇ ಓದುಗನ ಕೈಗೆ ಕೊಟ್ಟ. ಎಷ್ಟು ಇತಿಹಾಸಕಾರರು ಹಾಗೆ ಮಾಡುತ್ತಾರೆ? ಆ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ ಹಿಂದಿನಿಂದ ಓದಿ: ಮೊದಲು ಪಾಯಸ್, ಆಮೇಲೆ ನೂನಿಜ್, ಕೊನೆಗೆ ಸಿವೆಲ್.