ನಾಟಿ ಕೋಳಿ ಸಾರಿಗೆ ಯಾವ ವೈನ್?

ರಾಮನಾಥಪುರದ ಕಡೆ ಮುದ್ದೆ, ನಾಟಿ ಕೋಳಿ ಸಾರು ಉಣ್ಣೋರಿಗೊಂದು ಪ್ರಶ್ನೆ. ಪಕ್ಕದಲ್ಲಿ ವೈನ್ ಇಟ್ಟರೆ ಕೆಂಪೋ, ಬಿಳಿಯೋ?

ಆ ಸಾರಿಗೆ ಖಾರ ಕೊಡೋ ಮೆಣಸಿನಕಾಯಿಯನ್ನ ಭಾರತಕ್ಕೆ ತಂದವರು ಪೋರ್ಚುಗೀಸರು. ವೈನ್‌ನಲ್ಲೂ ಅವರು ಗಟ್ಟಿಗರು. ಅವರ ದೋರು ಕಣಿವೆಯ ಗಾಢ ಕೆಂಪು ವೈನ್ ಸುಟ್ಟ ಮಾಂಸಕ್ಕೆ, ಹುಳಿ ಮುಂದಾದ ಬಿಳಿ ವಿನ್ಯೋ ವೆರ್ದೆ ಮೀನಿಗೆ.

ನಮ್ಮಲ್ಲೂ ಇದೆ. ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಕಂಪನಿಯ ಲಾ ರಿಸರ್ವ್, ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ದ್ರಾಕ್ಷಿ ಬೆರೆಸಿ ಮಾಡಿದ ಕೆಂಪು ವೈನ್. ಬಿಳಿಯಲ್ಲಿ ಸೋವಿನ್ಯೋ ಬ್ಲಾಂ.

ಈಗ ಊಟಕ್ಕೆ ಬನ್ನಿ. ಕೆಂಪು ವೈನ್‌ನಲ್ಲಿ ಟ್ಯಾನಿನ್ ಇರುತ್ತೆ, ಅಂದರೆ ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು. ಮಾಂಸದ ಕೊಬ್ಬು, ಪ್ರೋಟೀನು ಆ ಒಗರನ್ನ ಮೆತ್ತಗೆ ಮಾಡುತ್ತೆ. ಅದಕ್ಕೇ ಮಸಾಲೆ ಹದವಾಗಿರೋ ಮಟನ್ ಚಾಪ್ಸ್‌ಗೆ ಕೆಂಪೇ ಸರಿ. ಆದರೆ ಖಾರ ಜೋರಾದರೆ ಅದೇ ಒಗರು ಕಹಿಯಾಗುತ್ತೆ, ಆಲ್ಕೋಹಾಲು ಬಾಯುರಿ ಏರಿಸುತ್ತೆ. ಹಾಗಾಗಿ ನಾಟಿ ಕೋಳಿ ಸಾರಿಗೆ ನನ್ನ ಮತ ತಣ್ಣಗಿನ ಬಿಳಿಗೆ. ತುಸು ಸಿಹಿ ಇರೋ ಶೆನಿನ್ ಬ್ಲಾಂ ಆದರೆ ಇನ್ನೂ ಚೆನ್ನ, ಸಿಹಿ ಖಾರವನ್ನ ತಗ್ಗಿಸುತ್ತೆ.

ಮೀನು ಫ್ರೈಗೆ ಸೋವಿನ್ಯೋ ಬ್ಲಾಂ. ಅದರ ಹುಳಿಯೇ ನಿಂಬೆಹಣ್ಣಿನ ಕೆಲಸ ಮಾಡುತ್ತೆ. ಮೀನು ಮಾತ್ರ ಕೆರೆಯದ್ದಿರಲಿ. ರಾಮನಾಥಪುರದ ವಹ್ನಿ ಪುಷ್ಕರಿಣಿಯ ಮೀನುಗಳು ದೇವರ ಮೀನು, ಅವನ್ನ ಹಿಡಿಯೋ ಹಾಗಿಲ್ಲ.

ಬಿಳಿಯನ್ನ 8ರಿಂದ 10 ಡಿಗ್ರಿಗೆ ತಣ್ಣಗೆ ಮಾಡಿ. ಕೆಂಪನ್ನೂ ನಮ್ಮ ಬೇಸಿಗೆಯಲ್ಲಿ ಹೊರಗೇ ಬಿಡಬೇಡಿ. ಬಡಿಸೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.