ಬ್ಯಾರನ್ ಬೆಂಕಿಯ ಮುಂದೆ ಒಂದು ಪಾಠ

ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಮೈಸೂರು ಸೀಮೆಯ ನಮ್ಮ ಗುರುಪುರದ ಕಡೆ ರಾತ್ರಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಸೊಪ್ಪು ಬೇಯಿಸುವ ಮನೆ, ಬ್ಯಾರನ್ನಿನ ಶಾಖ ಏರಿದರೂ ಸೊಪ್ಪು ಕೆಟ್ಟಿತು, ಇಳಿದರೂ ಕೆಟ್ಟಿತು. ಕಳೆದ ಹಂಗಾಮಿನ ಒಂದು ರಾತ್ರಿ ನೆರೆಮನೆಯ ಹುಡುಗಿ ಅಪ್ಪನ ಜೊತೆ ಬೆಂಕಿ ಕಾಯುತ್ತ ಮೊಬೈಲಿನಲ್ಲಿ ಸರ್ಕಾರದ ಆನ್‌ಲೈನ್ ‘ಸ್ವಯಂ’ ಪಾಠ ನೋಡುತ್ತಿದ್ದಳು. ಬಿ.ಕಾಂ. ಓದುವವಳು. ಅಪ್ಪ ಸೌದೆಗೆ ಕರೆದರೆ ಪಾಠ ನಿಲ್ಲಿಸಿ ಏಳುವಳು. ಬಂದು ಎರಡು ಮಾತು ಹಿಂದಕ್ಕೆ ಸರಿಸಿ ಮತ್ತೆ ಕೇಳುವಳು.

“ಈ ಮೇಷ್ಟ್ರು ಕಾಯ್ತಾರೆ, ದೊಡ್ಡಪ್ಪ” ಅಂದಳು.

ನಮ್ಮ ಕಾಲದ ಟಿವಿ ಮೇಷ್ಟ್ರು ಯಾರಿಗೂ ಕಾಯುತ್ತಿರಲಿಲ್ಲ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ದೂರದರ್ಶನದಲ್ಲಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರು ಮಾಡಿತು. ಆ ಹೊತ್ತಿಗೆ ಕರೆಂಟು ಹೋದರೆ ಪಾಠವೂ ಹೋಯಿತು. ಗಾಳಿಗೆ ಆಂಟೆನಾ ತಿರುಗಿದರಂತೂ ಒಬ್ಬರು ಹೆಂಚಿನ ಮೇಲಿಂದ “ಬಂತಾ?” ಅನ್ನಬೇಕು, ಒಳಗಿನವರು “ಇನ್ನೊಂಚೂರು” ಅನ್ನಬೇಕು.

ಆದರೂ ಮೊಬೈಲಿನ ಪಾಠಕ್ಕೆ ತವರು ಆ ಟಿವಿಯೇ. ಯುಜಿಸಿ ಆಗ ವಿಶ್ವವಿದ್ಯಾಲಯಗಳಲ್ಲಿ ಸ್ಟುಡಿಯೋ ಕಟ್ಟಿಸುತ್ತ ಬಂತು. ಮೈಸೂರಿನ ಮಾನಸಗಂಗೋತ್ರಿಯ ಇಎಂಎಂಆರ್‌ಸಿ ಎಂಬ ಕೇಂದ್ರ ಆ ಸಾಲಿನದು. ಟಿವಿಗೆಂದು ಪಾಠ ಚಿತ್ರೀಕರಿಸುತ್ತಿದ್ದ ಅದೇ ಕೇಂದ್ರ 2017ರಲ್ಲಿ ಬಂದ ‘ಸ್ವಯಂ’ಗೂ ಪಾಠ ಮಾಡಿಕೊಡುತ್ತಿದೆ. ಕ್ಯಾಮೆರಾಕ್ಕೆ ಕಣ್ಣಿಟ್ಟು ಮಾತಾಡುವುದು, ಒಂದು ವಿಷಯವನ್ನು 20–30 ನಿಮಿಷದಲ್ಲಿ ದಡ ಮುಟ್ಟಿಸುವುದು, ಚಿತ್ರ ಮಾತಾಡುವಾಗ ತಾನು ಸುಮ್ಮನಿರುವುದು: ಮೇಷ್ಟ್ರುಗಳು ಈ ಕಸುಬು ಕಲಿತದ್ದು ಟಿವಿಯಿಂದ. ಡಿಜಿಟಲ್ ಎಂದರೆ ಎಲ್ಲ ಹೊಸದು ಎಂಬ ಮಾತನ್ನು ನಾನು ಒಪ್ಪಲಾರೆ. ಇಸ್ರೊ 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದಿಂದ ಪಕ್ಕದ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಯಿತಲ್ಲ, ಅದೂ ಇದೇ ದಾರಿಯ ಒಂದು ಮೆಟ್ಟಿಲು.

ಮೊದಲ ಮೆಟ್ಟಿಲು ಬಯಲುಸೀಮೆಯಲ್ಲಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಟಿವಿ ಕಂಡವು. ‘ಸೈಟ್’ ಎಂಬ ಪ್ರಯೋಗ ಅದು. ಕೋಳಿಗೂಡಿನ ತಂತಿಬಲೆಯಲ್ಲಿ ಮಾಡಿದ ಡಿಶ್, ಊರಿಗೊಂದು ಸೆಟ್ಟು, ಅದರ ಮುಂದೆ ಊರು. ಮಕ್ಕಳಿಗೆ ಬೆಳಿಗ್ಗೆ, ದೊಡ್ಡವರಿಗೆ ಸಂಜೆ. ಅರ್ಥವಾಗದ್ದನ್ನು ಪಕ್ಕದವರನ್ನು ಕೇಳಬಹುದಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುವುದು ಇಲ್ಲೇ.

ಆ ರಾತ್ರಿ ಅಪ್ಪ ಬೆಂಕಿ ಕೆದಕುತ್ತ ಮೊಬೈಲಿನ ಪರದೆಯತ್ತ ನೋಡಿ ಕೇಳಿದ, “ಅದೇನವ್ವ, ಸವಕಳಿ ಅಂದ್ರೆ?”

ಹುಡುಗಿ ಇಯರ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡಳು. “ಈ ಬ್ಯಾರನ್ ಕಟ್ದಾಗ ಎಷ್ಟಾಗಿತ್ತಪ್ಪ?”

ಅವನು ಇಟ್ಟಿಗೆ, ಗಾರೆ, ಕೂಲಿ ಎಂದು ಬೆರಳು ಮಡಿಸತೊಡಗಿದ. ಮೊಬೈಲಿನ ಮೇಷ್ಟ್ರು ಬಾಯಿ ತೆರೆದಲ್ಲೇ ನಿಂತಿದ್ದರು.